ಕೆಲಸ ಬಿಟ್ಟವಳ ಬಾಡಿಗೆ ಮನೆ

ಕೆಲಸದಲ್ಲಿರುವವರಿಗೆ ಫಜೀತಿ ಆಫೀಸಿನಲ್ಲಿ ಮಾತ್ರ. ಕೆಲಸ ಬಿಟ್ಟವರಿಗೆ ಬೀದಿ ತುಂಬ. ಪ್ರವಾಸಿಗರ ಗುಂಪು ಕಟ್ಟಿಕೊಂಡು ಇಪ್ಪತ್ತು ವರ್ಷ ದೇಶದೇಶ ಸುತ್ತಿದವಳು ನಾನು. ಒಂದು ಬೆಳಿಗ್ಗೆ ಯಾವ ಊರಲ್ಲಿ ಎದ್ದೆ ಅಂತ ನೆನಪಾಗದೆ, ಹೋಟೆಲಿನ ಟವೆಲ್ ಮೇಲಿದ್ದ ಹೆಸರು ಓದಿ ತಿಳಿದುಕೊಂಡೆ. ಸಾಕು ಅನ್ನಿಸಿತು. ಚಳ್ಳಕೆರೆಯಲ್ಲಿ ಕಾರು ಮಾರಿ, ಬಸ್ಸು ಹತ್ತಿ ಮೊಳಕಾಲ್ಮೂರಿಗೆ ಬಂದಿಳಿದೆ.

೧. ಮನೆ ಕೇಳಿದ್ದು

ಎರಡು ಕೋಣೆ, ಮುಂದೊಂದು ಜಗಲಿ, ಅದಕ್ಕೆ ಬೇವಿನ ನೆರಳು. ನೋಡಿದ ಕೂಡಲೇ ಇಲ್ಲೇ ಇರಬೇಕು ಅನ್ನಿಸಿತು. ಮನೆಯೊಡತಿ ಅಜ್ಜಿ ಪಕ್ಕದಲ್ಲೇ ಇದ್ದರು.

"ಏನ್ ಕೆಲ್ಸ ಮಾಡ್ತೀಯಮ್ಮ?"

"ಎಲ್ಲಾ ಬಿಟ್ಟು ಬಂದೆ ಅಜ್ಜಿ. ಇನ್ನು ಸುಮ್ನೆ ಇರೋಣ ಅಂತ."

"ಸುಮ್ನೆ ಇರಾಕೆ ಮನೆ ಯಾಕೆ? ಬಸ್‌ಸ್ಟ್ಯಾಂಡಿನಾಗೆ ಇಲ್ವಾ ಎಷ್ಟೋ ಜನ!"

ಕೊನೆಗೆ ಅಜ್ಜಿಯ ಮನಸ್ಸು ಕರಗಿತು. "ಒಂದು ತಿಂಗ್ಳು ನೋಡ್ತೀನಿ. ಸರಿ ಕಂಡ್ರೆ ಇರು, ಇಲ್ಲಾಂದ್ರೆ ಗಂಟು ಕಟ್ಟು."

ಸುಮ್ಮನಿರುವ ಹುದ್ದೆಗೂ ಪ್ರೊಬೇಷನ್ ಇರುತ್ತದೆ ಅಂತ ಅವತ್ತೇ ಗೊತ್ತಾಗಿದ್ದು.

೨. ನಡಿಗೆ

ಕಾರಿಲ್ಲ, ಅವಸರವಿಲ್ಲ. ಸಂಜೆ ಊರಾಚೆಯ ರಸ್ತೆಯಲ್ಲಿ ನಡೆಯತೊಡಗಿದೆ. ಬೈಕಿನವನೊಬ್ಬ ನಿಲ್ಲಿಸಿದ.

"ಹತ್ರಿ ಅಕ್ಕಾ, ಎಲ್ಲಿಗೆ ಹೋಗ್ಬೇಕು?"

"ಎಲ್ಲಿಗೂ ಇಲ್ಲಪ್ಪಾ. ಸುಮ್ನೆ ನಡೀತಿದೀನಿ."

ಅವನು ಮರುಕದಿಂದ ನೋಡಿ ಹೋದ. ಆಮೇಲೆ ಈರುಳ್ಳಿ ಹೇರಿದ್ದ ಟ್ರ್ಯಾಕ್ಟರಿನವನೂ ನಿಲ್ಲಿಸಿ ಕೇಳಿದ. ಅವನಿಗೂ ಅದೇ ಉತ್ತರ. ನಾನು ತಿರುಗಿ ಮನೆಗೆ ಬರುವಷ್ಟರಲ್ಲಿ ಸುದ್ದಿ ನನಗಿಂತ ಮುಂಚೆ ಬಂದಿತ್ತು.

"ಶುಗರ್ ಐತೆ ಅಂತ ಮೊದ್ಲೇ ಹೇಳಬಾರ್ದೇನಮ್ಮ?" ಅಂದರು ಅಜ್ಜಿ, ಪ್ರೀತಿಯಿಂದಲೇ.

ಇಲ್ಲ ಅಂದೆ. ಯಾರೂ ನಂಬಲಿಲ್ಲ, ಕಾಯಿಲೆ ಇಲ್ಲದೆ ಯಾರು ನಡೀತಾರೆ? ಇವತ್ತಿಗೂ ಆ ಬೀದಿಯ ಯಾವ ಮನೆಯಲ್ಲೂ ನನ್ನ ಚಹಾಕ್ಕೆ ಸಕ್ಕರೆ ಬೀಳುವುದಿಲ್ಲ.

೩. ಮಗ್ಗದ ಮುಂದೆ

ನಾಲ್ಕೇ ಸೀರೆ ಸಾಕು ಅಂತ ತೀರ್ಮಾನಿಸಿದ್ದೆ. ಆದರೂ ರೇಷ್ಮೆಯೂರಿಗೆ ಬಂದು ಮಗ್ಗ ನೋಡದಿದ್ದರೆ ಹೇಗೆ? ಹಿಂದಿನ ಬೀದಿಯ ನೇಕಾರರ ಮನೆಗೆ ಹೋಗಿ ಕೂತೆ. ಲಾಳಿ ಒಮ್ಮೆ ಆ ಕಡೆ ಹೋಗುತ್ತಿತ್ತು. ಬಹಳ ಹೊತ್ತು ಬಿಟ್ಟು ಈ ಕಡೆ ಬರುತ್ತಿತ್ತು. ನನಗೆ ಕಣ್ಣು ತುಂಬಿ ಬಂತು.

"ಎಷ್ಟು ನಿಧಾನ, ಎಂಥ ನೆಮ್ಮದಿ! ಇದನ್ನ ಕಲಿಯೋಕೆ ಜನ ದೂರದೂರದ ದೇಶದಲ್ಲಿ ದುಡ್ಡು ಕೊಟ್ಟು ಕಣ್ಮುಚ್ಚಿ ಕೂರ್ತಾರೆ ಗೊತ್ತಾ?"

ನೇಕಾರರು ಲಾಳಿ ನಿಲ್ಲಿಸಿ ನನ್ನನ್ನೇ ನೋಡಿದರು. "ನೆಮ್ಮದಿ ಎಲ್ಲಿಂದ ಬಂತಮ್ಮಾ? ನಿನ್ನೆಯಿಂದ ಸೊಂಟ ಹಿಡ್ಕೊಂಡೈತೆ."

೪. ತಿಂಗಳು ತುಂಬಿದ ದಿನ

ಬಿತ್ತನೆಗೆ ಮುಂಚೆ ನಮ್ಮ ಬೀದಿಯಲ್ಲೊಂದು ರೂಢಿ ಇದೆ. ಜಗಲಿ ಮೇಲೆ ಬರಿಗೈಲಿ ಕೂತವರ ಮುಂದೆ ಯಾರಾದರೂ ಶೇಂಗಾದ ಮೊರ ತಂದಿಡುತ್ತಾರೆ. ಕೇಳುವುದಿಲ್ಲ, ಹೇಳುವುದಿಲ್ಲ; ಕಾಯಿ ಒಡೆದು ಬೀಜ ತೆಗೆದುಕೊಡಬೇಕು, ಅಷ್ಟೇ.

ಅಜ್ಜಿ ತೀರ್ಪು ಹೇಳುವ ದಿನ ಬೆಳಿಗ್ಗೆ ನನ್ನ ಮುಂದೆ ಬಂದದ್ದು ಅವರದೇ ಮೊರ. ಇದು ಪರೀಕ್ಷೆ ಅಂದುಕೊಂಡೆ. ಅಜ್ಜಿ ಸಂತೆಗೆ ಹೋದರು. ನಾನು ಎಲ್ಲ ಒಡೆದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಬೀಜದ ಮೇಲಿನ ಕೆಂಪು ಸಿಪ್ಪೆ ಕಣ್ಣಿಗೆ ಚುಚ್ಚಿತು. ಬಾದಾಮಿ ಸುಲಿಯುವ ಹಾಗೆ ಬಿಸಿನೀರಿಗೆ ಹಾಕಿ, ಒಂದೊಂದನ್ನೇ ಹಿಚುಕಿ, ಮಲ್ಲಿಗೆ ಮೊಗ್ಗಿನಂತೆ ಬೆಳ್ಳಗೆ ಮಾಡಿ ಮೊರದಲ್ಲಿ ಹರಡಿದೆ.

ಅಜ್ಜಿ ಬಂದರು. ನೋಡಿದರು. ಚೀಲ ಕೈಯಿಂದ ಜಾರಿತು.

"ಅಯ್ಯೋ ನಮ್ಮವ್ವಾ! ಬಿತ್ತಾಕೆ ಇಟ್ಟ ಬೀಜಕ್ಕೆ ಸ್ನಾನ ಮಾಡಿಸಿ ಬಟ್ಟೆ ಬಿಚ್ಚಿದ್ಯಲ್ಲೇ!"

ಬೀದಿಯ ಹೆಂಗಸರೆಲ್ಲ ಬಂದು ಮೊರ ಇಣುಕಿದರು. ಒಬ್ಬಾಕೆ ನಕ್ಕು ನಕ್ಕು ಜಗಲಿ ಮೇಲೇ ಕುಸಿದಳು. ನಾನು ತಲೆ ತಗ್ಗಿಸಿ, "ಇವತ್ತೇ ಗಂಟು ಕಟ್ತೀನಿ ಅಜ್ಜಿ," ಅಂದೆ.

"ಗಂಟು ಕಟ್ಟೋದು ಆಮೇಲೆ. ಮೊದ್ಲು ಚಟ್ನಿ ಅರೀಬೇಕು. ಇದು ಇನ್ಯಾತಕ್ಕೂ ಬರಲ್ಲ."

ಅವತ್ತು ಬೀದಿಗೆಲ್ಲ ರೊಟ್ಟಿ, ಶೇಂಗಾ ಚಟ್ನಿ. ಎಲ್ಲರೆದುರು ಅಜ್ಜಿ ಕೈ ತೊಳೆದುಕೊಂಡು ತೀರ್ಪು ಹೇಳಿದರು:

"ಎಷ್ಟು ವರ್ಷ ಬೇಕಾದ್ರೂ ಇರಮ್ಮ. ಆದ್ರೆ ಇನ್ನು ಮೇಲೆ ಈ ಬೀದ್ಯಾಗೆ ನೀನು ಒಂದು ಕೆಲ್ಸಾನೂ ಮುಟ್ಟಂಗಿಲ್ಲ."

ಇಷ್ಟು ಒಳ್ಳೆಯ ಷರತ್ತಿನ ಮೇಲೆ ನನಗೆ ಯಾವ ದೇಶವೂ ವೀಸಾ ಕೊಟ್ಟಿರಲಿಲ್ಲ.