ಕ್ಯಾಮೆರಾಗೆ ಬಿಳಿ ತೋರಿಸಿದ್ದು

ಬಣ್ಣದ ವಿಷಯದಲ್ಲಿ ನಾನು ಕಟ್ಟುನಿಟ್ಟು. ಅದಕ್ಕೇ ಇರಬೇಕು, ಮುಳಬಾಗಿಲಿನ ಬಣ್ಣಗೆಟ್ಟ ಫಜೀತಿಗಳೆಲ್ಲ ಹುಡುಕಿಕೊಂಡು ನನ್ನ ಮನೆಗೇ ಬರುತ್ತವೆ. ಕಾನ್ವೆಂಟ್‌ನಲ್ಲಿ ಸಾಕ್ಸಿನ ಬಿಳಿಗೂ ಕಾಲರಿನ ಬಿಳಿಗೂ ವ್ಯತ್ಯಾಸ ಕಂಡರೆ ಸಿಸ್ಟರ್ ನಮ್ಮನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಆ ಕಣ್ಣು ಇನ್ನೂ ಹೋಗಿಲ್ಲ.

ದೋರೆಗಾಯಿ

ಪಕ್ಕದ ಮನೆಯ ಸೊಸೆ ವಾಟ್ಸ್ಯಾಪಿನಲ್ಲಿ ಸೀರೆ ಮಾರುತ್ತಾಳೆ. ಒಂದು ತಿಳಿ ಹಳದಿ ಸೀರೆಯ ಫೋಟೋವನ್ನು ಹಳೇ ಬಲ್ಬಿನ ಬೆಳಕಿನಲ್ಲಿ ತೆಗೆದಿದ್ದಳು. ಫೋಟೋದಲ್ಲಿ ಅದು ಕಳಿತ ಬಾದಾಮಿ ಮಾವಿನಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಸೀರೆ ತಲುಪಿದ ದಿನ ಶ್ರೀನಿವಾಸಪುರದಿಂದ ಕೊಂಡವರ ಫೋನ್ ಬಂತು.

"ಹಣ್ಣು ತೋರಿಸಿ ದೋರೆಗಾಯಿ ಕಳಿಸಿದ್ದೀರಲ್ಲಮ್ಮಾ. ಮಾವಿನ ಊರಿನೋರಿಗೇ ಹೀಗಾ?"

ಪಂಚೆ

ಹೀಗೇ ವಾಪಸ್ ಬಂದ ಸೀರೆಗಳು ಮಂಚದ ಮೇಲೆ ಗುಡ್ಡೆಯಾದವು. ಇನ್ನೊಂದು ಸಲ ಹೀಗಾದರೆ ವ್ಯಾಪಾರವೇ ಬೇಡ ಎಂದು ಹುಡುಗಿ ಕಣ್ಣೊರೆಸಿಕೊಂಡಳು. ನಾನು ನನ್ನ ಕ್ಯಾಮೆರಾ ಹಿಡಿದು ಹೋದೆ. ಮೊದಲು ಅದಕ್ಕೆ ಅಚ್ಚ ಬಿಳಿ ಯಾವುದೆಂದು ತೋರಿಸಬೇಕು, ಉಳಿದ ಬಣ್ಣಗಳನ್ನು ಅದೇ ಸರಿಮಾಡಿಕೊಳ್ಳುತ್ತದೆ, ಇದಕ್ಕೇ ವೈಟ್ ಬ್ಯಾಲೆನ್ಸ್ ಅನ್ನುವುದು ಎಂದು ವಿವರಿಸಿದೆ. ಅವಳ ಅತ್ತೆ ಬೀರುವಿನಿಂದ ಯಜಮಾನರ ಪಂಚೆ ತಂದು ಹೆಮ್ಮೆಯಿಂದ ಹರಡಿದರು. ಅದನ್ನು ತೋರಿಸಿ ತೆಗೆದರೆ ಎಲ್ಲ ಸೀರೆಗಳಿಗೂ ಕಾಮಾಲೆ. ಪಂಚೆಗೆ ನೀಲಿ ಜಾಸ್ತಿಯಾಗಿದೆ, ಆ ನೀಲಿಯನ್ನೇ ಬಿಳಿ ಅಂದುಕೊಂಡು ಕ್ಯಾಮೆರಾ ಎಲ್ಲದಕ್ಕೂ ಹಳದಿ ಬಳಿದಿದೆ ಎಂದೆ. ಅತ್ತೆ ಒಪ್ಪಲಿಲ್ಲ.

"ಏಮಮ್ಮಾ, ನೀಲಿ ಹಾಕೋದೇ ಬೆಳ್ಳಗೆ ಕಾಣಲಿ ಅಂತ. ಊರಿಗೆಲ್ಲ ಬೆಳ್ಳಗೆ ಕಾಣುತ್ತೆ, ಇದಕ್ಕೆ ಕಾಣಲ್ಲ ಅಂದ್ರೆ ಮೊದಲು ಇದರ ಕಣ್ಣು ತೋರಿಸಿ."

ರಟ್ಟು

ಕೊನೆಗೆ ಇದೇ ಕೆಲಸಕ್ಕೆಂದು ಸಿಗುವ ಬೂದು ಬಣ್ಣದ ರಟ್ಟನ್ನು ತರಿಸಿದೆ. ಯಾವ ಬಣ್ಣದ ಕಡೆಗೂ ವಾಲದ ಶುದ್ಧ ಬೂದು; ಬಿಳಿಯ ಬದಲು ಇದನ್ನು ತೋರಿಸಿದರೂ ಕ್ಯಾಮೆರಾಗೆ ಸಾಕು. ಮರುದಿನ ಮಾಲೂರಿನ ಮದುವೆ ಮನೆಯೊಂದಕ್ಕೆ ಸೀರೆಗಳ ಫೋಟೋ ಕಳಿಸಬೇಕಿತ್ತು. ಮುಟ್ಟಬೇಡಿ ಎಂದು ಹೇಳಿ ರಟ್ಟನ್ನು ಅವರ ಮೇಜಿನ ಮೇಲೆ ಇಟ್ಟು ಬಂದೆ. ಬೆಳಿಗ್ಗೆ ನೋಡಿದರೆ ಅದು ಹಪ್ಪಳದಂತೆ ಉಬ್ಬಿ, ಸೊಟ್ಟಗಾಗಿ, ಹಗ್ಗದ ಮೇಲೆ ಒಣಗುತ್ತಿದೆ.

ಅತ್ತೆ ದನಿ ತಗ್ಗಿಸಿ, "ಎಷ್ಟು ಉಜ್ಜಿದರೂ ಕೊಳೆ ಹೋಗಲಿಲ್ಲ. ಕಾನ್ವೆಂಟ್ ಓದಿದೋರು, ಇಷ್ಟು ಮಾಸಿರೋದನ್ನ ಇಟ್ಕೊಂಡಿದ್ದೀರಲ್ಲ, ಯಾರಿಗೂ ಹೇಳಲ್ಲ ಬಿಡಿ" ಅಂದರು.

ಮಾಲೂರಿನ ಉತ್ತರ

ಮಾಲೂರಿನವರು ಆಗಲೇ ಫೋಟೋ ಎಲ್ಲಿ ಎಂದು ಕೇಳುತ್ತಿದ್ದರು. ಹುಡುಗಿ ಪೆಚ್ಚಾಗಿ ಕೂತವಳು ಇದ್ದಕ್ಕಿದ್ದಂತೆ ನನ್ನ ತಲೆಯನ್ನೇ ನೋಡತೊಡಗಿದಳು.

"ಆಂಟಿ, ಬೈಬೇಡಿ. ನಿಮ್ಮ ತುರುಬು ಅದೇ ಬಣ್ಣ ಅಲ್ವಾ?"

ನಾನು ಎಂದೂ ತಲೆಗೆ ಬಣ್ಣ ಹಚ್ಚಿದವಳಲ್ಲ. ಒಂದು ಕೂದಲೂ ಆಚೀಚೆ ಆಗದಂತೆ ಬಾಚಿ ಕಟ್ಟಿದ ಬೂದು ತುರುಬು ನನ್ನದು. ಎದ್ದು, ಕಿಟಕಿಯ ಪಕ್ಕ ಒಂದೊಂದೇ ಸೀರೆಯ ಅಂಚಿಗೆ ತಲೆ ಕೊಟ್ಟು, ಕ್ಯಾಮೆರಾಗೆ ಬೆನ್ನು ಹಾಕಿ, ಶಾಲೆಯ ಪ್ರಾರ್ಥನೆಗೆ ಕೂತಂತೆ ನೆಟ್ಟಗೆ ಕೂತೆ. ತುರುಬನ್ನು ಬೂದು ಎಂದು ಒಪ್ಪಿಕೊಂಡ ಕ್ಯಾಮೆರಾ, ಕೆಂಪನ್ನು ಕೆಂಪಾಗಿ, ಗಿಣಿಹಸಿರನ್ನು ಗಿಣಿಹಸಿರಾಗಿ ಕೊಟ್ಟಿತು. ಫೋಟೋಗಳ ಮೂಲೆಯಲ್ಲಿ ತುರುಬಷ್ಟೇ ಇಣುಕುತ್ತಿತ್ತು; ಅದನ್ನು ಕತ್ತರಿಸಿ ತೆಗೆಯಲು ಮರೆತು, ಆತುರದಲ್ಲಿ ಹುಡುಗಿ ಹಾಗೇ ಕಳಿಸಿಬಿಟ್ಟಳು.

ಆರಿಸಿದ ಸೀರೆಗಳೆಲ್ಲ ಮಾಲೂರಿಗೆ ಹೋದವು. ಒಂದೂ ವಾಪಸ್ ಬರಲಿಲ್ಲ. ಬಂದದ್ದು ಒಂದು ಮೆಸೇಜ್. ಹುಡುಗಿ ನಗು ತಡೆಯಲಾರದೆ ಓಡಿ ಬಂದು ನನಗೇ ಓದಿ ಹೇಳಿದಳು:

"ಬಣ್ಣ ಫೋಟೋದಲ್ಲಿದ್ದ ಹಾಗೇ ಇದೆ, ಎಲ್ಲರಿಗೂ ಖುಷಿ. ಆದರೆ ಅಂಚಿಗೆ ಇಟ್ಟಿದ್ದ ಬೂದು ರೇಷ್ಮೆ ಕುಚ್ಚು ಕಳಿಸೋದು ಮರೆತಿದ್ದೀರಿ."