ಸರೋಜಕ್ಕ ಕೊಟ್ಟ ಸುಳಿವು

ಸುದ್ದಿಯನ್ನು ತೂಗುವುದು ನನ್ನ ಹೊಟ್ಟೆಪಾಡು. ಮಲೇಷ್ಯಾದ ಪೆಟಾಲಿಂಗ್ ಜಯಾದ ಬ್ಯಾಂಕೊಂದರಲ್ಲಿ ಕೂತು, ವಂಚಕರ ಬಗ್ಗೆ ಬರುವ ನೂರೆಂಟು ಸುಳಿವುಗಳಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ಬೇರ್ಪಡಿಸಿ ಪೊಲೀಸರಿಗೆ ದಾಟಿಸುತ್ತೇನೆ. ಗೂಢಚಾರ ಎಂದುಕೊಂಡು ಜನ ಕಪ್ಪು ಕನ್ನಡಕ ನೆನೆಸಿಕೊಳ್ಳುತ್ತಾರೆ. ನನ್ನದು ಓದುವ ಕನ್ನಡಕ. ಹೊಸಬರಿಗೆ ನಾನು ಕಲಿಸುವ ಮೊದಲ ಪಾಠ, ಹೇಳಿದವರನ್ನು ಬೇರೆ ತೂಗಿ, ಹೇಳಿದ್ದನ್ನು ಬೇರೆ ತೂಗಿ. ಸುಳ್ಳನೂ ಒಮ್ಮೊಮ್ಮೆ ನಿಜ ಹೇಳಿಬಿಡುತ್ತಾನೆ.

ಲಾಕ್‌ಡೌನಿನಲ್ಲಿ ಈ ಕೆಲಸ ಪಕ್ಕದ ಪುಚೊಂಗ್‌ನ ನಮ್ಮ ಕಾಂಡೊ ಫ್ಲ್ಯಾಟಿನ ಊಟದ ಮೇಜಿಗೆ ಬಂತು. ಅದೇ ಹೊತ್ತಿಗೆ ಕೆಳಗೆ ಲಾಬಿಯಲ್ಲಿಟ್ಟ ಪಾರ್ಸೆಲ್ಲುಗಳು ಮಾಯವಾಗತೊಡಗಿದವು. ವಾಟ್ಸಾಪ್ ಗುಂಪಿನಲ್ಲಿ ಎಲ್ಲರ ಬೆರಳೂ ನೇಪಾಳದ ಸೆಕ್ಯುರಿಟಿ ಗಣೇಶನ ಕಡೆ ತಿರುಗಿತು. ಗಡಿ ಮುಚ್ಚಿದ್ದ ಕಾಲ. ಕೆಲಸ ಹೋದರೆ ಆತ ಊರಿಗೂ ಹೋಗುವಂತಿರಲಿಲ್ಲ. ಸಮಿತಿಯವರು ನನ್ನ ಉದ್ಯೋಗ ತಿಳಿದು, ನೀವೇ ವಿಚಾರಿಸಿ ಎಂದರು. ಎದೆಯುಬ್ಬಿಸಿ ಒಪ್ಪಿದೆ.

ಮೂವರು ಗಣೇಶನೇ ಕಳ್ಳ ಎಂದರು. ಕೆದಕಿದರೆ, ಮೂವರಿಗೂ ಹೇಳಿದವರು ಒಬ್ಬರೇ, ಅವರೂ ಏನನ್ನೂ ಕಂಡಿರಲಿಲ್ಲ. ಅದನ್ನು ಪಕ್ಕಕ್ಕಿಟ್ಟೆ. ಕಣ್ಣಾರೆ ಕಂಡೆ ಎಂದವರು ಹತ್ತನೆಯ ಮಹಡಿಯ ಸರೋಜಕ್ಕ ಮಾತ್ರ. ಮಾಸ್ಕ್ ಹಾಕಿದ, ಸೀರೆಯುಟ್ಟ ವಯಸ್ಸಾದ ಹೆಂಗಸೊಬ್ಬರು ಚೀಲ ತುಂಬಿಕೊಂಡು ಲಿಫ್ಟ್ ಹತ್ತಿದರಂತೆ. ಆದರೆ ಪ್ರತಿ ಶುಕ್ರವಾರವೂ 'ನಾಳೆ ಲಾಕ್‌ಡೌನ್ ಮುಗೀತದೆ' ಎಂದು ಗುಂಪಿನಲ್ಲಿ ಸಾರುತ್ತಿದ್ದವರೂ ಇದೇ ಸರೋಜಕ್ಕ. ಅವರ ಸುಳಿವನ್ನು ಕಸಕ್ಕೆ ಹಾಕಿದೆ. ನನ್ನ ಪಾಠ ಹೊಸಬರಿಗೆ ತಾನೆ!

ಮಧ್ಯಾಹ್ನ ಊಟಕ್ಕೆ ಕೂತಾಗ ಇದನ್ನು ತಮಾಷೆಯಾಗಿ ಹೇಳಿದೆ. ಮಗಳನ್ನು ನೋಡಲು ಉಡುಪಿಯಿಂದ ಬಂದು ಇಲ್ಲೇ ಸಿಕ್ಕಿಹಾಕಿಕೊಂಡಿದ್ದ ನನ್ನ ಅತ್ತೆ, ಸಾರು ಬಡಿಸುತ್ತಲೇ ಹೇಳಿದರು.

"ಅದು ನಾನೇ ಮಾರಾಯ್ರೆ. ಊರಿಡೀ ಮುಟ್ಟಿದ ಡಬ್ಬ, ಹಾಗೇ ಮನೆ ಒಳಗೆ ತಂದ್ರೆ ಆಗ್ತದಾ? ಟೆರೇಸಲ್ಲಿ ಬಿಸಿಲಿಗೆ ಇಟ್ಟಿದ್ದೇನೆ. ನಮ್ಮದು ಯಾವುದು ಅಂತ ಓದ್ಲಿಕ್ಕೆ ಬರುದಿಲ್ಲ, ಎಲ್ಲ ತಗೊಂಡು ಹೋದೆ. ಮಳೆಗೆ ಪ್ಲಾಸ್ಟಿಕ್ಕೂ ಹೊದಿಸಿದ್ದೇನೆ."

ಒಂದು ಮಾತು ಹೇಳಬಾರದಿತ್ತೆ ಎಂದೆ.

"ಹೇಳಿದ್ದೆನಲ್ಲ. ನೀವು ಲ್ಯಾಪ್‌ಟಾಪ್ ನೋಡ್ಕೊಂಡು ಹೂಂ ಅಂದ್ರಿ."

ಗಣೇಶ ನನ್ನೊಂದಿಗೆ ಡಬ್ಬಗಳನ್ನು ಇಳಿಸಿದ. ಗುಂಪಿನಲ್ಲಿ ನಾನು ಅವನ ಹೆಸರು ಹಿಡಿದೇ ಕ್ಷಮೆ ಕೇಳಿದೆ. ಅವನ ಕೆಲಸ ಉಳಿಯಿತು. ತಮ್ಮ ಮಾತು ನಂಬಲಿಲ್ಲವೆಂದು ಮುನಿದಿದ್ದ ಸರೋಜಕ್ಕನಿಗೆ ಅತ್ತೆಯೇ ನೀರುದೋಸೆ ಕಳಿಸಿ ರಾಜಿಯಾದರು.

ಈಗ ಅತ್ತೆ ಬಾಯಿ ತೆರೆದರೆ ನಾನು ಕೆಲಸ ನಿಲ್ಲಿಸಿ ಕೇಳುತ್ತೇನೆ. ಊರಲ್ಲಿ ಯಾರ ಮಗಳಿಗೆ ಹೆರಿಗೆಯಾಯಿತು, ಯಾರ ಬಾವಿಗೆ ಬೆಕ್ಕು ಬಿತ್ತು, ಎಲ್ಲವನ್ನೂ. ಬೆಕ್ಕಿನ ವಿಷಯದಲ್ಲಿ ಒಂದೆರಡು ಮರುಪ್ರಶ್ನೆಯನ್ನೂ ಹಾಕುತ್ತೇನೆ. ಅದು ಮುಖ್ಯವೋ ಅಲ್ಲವೋ ನನಗೆ ತಿಳಿಯದು. ಕೇಳದೆ ಬಿಡುವ ಧೈರ್ಯವಂತೂ ಇಲ್ಲ.