ಮೇಷ್ಟ್ರ ಗೇರ್ ಪೆಟ್ಟಿಗೆ

ಗೇರಿಗೆ ಹಾಕಿದರೆ ಸಾಕು, ಡ್ರಾಯಿಂಗ್ ಮೇಷ್ಟ್ರ ಟ್ರ್ಯಾಕ್ಟರು ಗಂಟಲಲ್ಲಿ ಮುಳ್ಳು ಸಿಕ್ಕ ಎಮ್ಮೆಯ ಹಾಗೆ ಊಳಿಡುತ್ತಿತ್ತು. ಅವರಪ್ಪ ಉತ್ತ ಗಾಡಿ. ಮೇಷ್ಟ್ರಿಗಿಂತ ಹತ್ತು ವರ್ಷ ಹಿರಿಯದು. ಬೆಳಿಗ್ಗೆ ಹೆಂಡತಿ ಕಡ್ಡಿ ಮುರಿದಂತೆ ಹೇಳಿದಳು: "ನಾಲ್ಕಕ್ಕೆ ಗುಜರಿಯವನು ಬರ್ತಾನೆ. ಅಷ್ಟರಲ್ಲಿ ಇದು ಸದ್ದು ಮಾಡ್ದೆ ಗೇಟಿನವರೆಗೆ ಹೋದ್ರೆ ಇರ್ಲಿ. ಇಲ್ಲಾಂದ್ರೆ ಅವನ ಪಾಲು."

ಮೇಷ್ಟ್ರು ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಗೇರ್ ಪೆಟ್ಟಿಗೆಗೆ ಒತ್ತಿ, ಹಿಡಿಗೆ ಕಿವಿಯಿಟ್ಟರು. ಒಳಗೆ ಯಾರೋ ಮರಳು ಅಗಿಯುತ್ತಿದ್ದರು. "ಬೇರಿಂಗ್ ಸವೆದಿದೆ."

"ಕ್ಲಚ್ಚು," ಎಂದರು ಬೇಲಿಯಾಚೆಯ ನಿವೃತ್ತ ಬಸ್ ಡ್ರೈವರು.

"ಎಣ್ಣೆ ಕಮ್ಮಿ ಭಾವ, ನಾಲ್ಕು ಹನಿ ಬಿಡಿ," ಎಂದ ಅವರ ಪಕ್ಕ ನಿಂತಿದ್ದ ಹೊಲಿಗೆ ಯಂತ್ರ ರಿಪೇರಿಯ ಷಡ್ಡಕ.

ಎಣ್ಣೆ ಬಸಿದಾಗ ಉಕ್ಕಿನ ಚೂರುಗಳು ಮಿನುಗುತ್ತ ಬಂದವು; ಸವೆದದ್ದು ಬೇರಿಂಗೇ. ತಾವು ಮೊದಲಿಂದಲೂ ಅದನ್ನೇ ಹೇಳುತ್ತಿದ್ದೆವೆಂದು ಇಬ್ಬರೂ ಬೇಲಿ ದಾಟಿ ಒಳಗೇ ಬಂದರು.

ಹಿಂಚಕ್ರದ ಅಚ್ಚು ಬಿಚ್ಚಿ, ಅದನ್ನು ತಿರುಗಿಸುವ ತಟ್ಟೆಯಗಲದ ಹಲ್ಲುಚಕ್ರ ತೆಗೆದು, ಯಾವ ಮಗ್ಗುಲು ಎಡಕ್ಕೆಂದು ಮೇಷ್ಟ್ರು ಅದರ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಹಳೆಯ ಬೇರಿಂಗಿನ ಗುಂಡುಗಳು ಹುಳುಕು ಹಲ್ಲಿನಂತಿದ್ದವು. ಹೊಸದನ್ನು ಬಿಸಿ ಎಣ್ಣೆಯಲ್ಲಿ ಕಾಯಿಸಿ, ಬೆರಳು ಸುಟ್ಟುಕೊಂಡು ಕೂರಿಸಿ ತಿರುಗಿದರೆ, ಡ್ರೈವರು ಹಲ್ಲುಚಕ್ರವನ್ನು ಸೀಮೆಎಣ್ಣೆಯಲ್ಲಿ ತೊಳೆದು ಫಳಫಳ ಮಾಡಿದ್ದರು.

"ಗುರುತು?"

"ಕೊಳೆ ಒಂದಿಷ್ಟೂ ಬಿಟ್ಟಿಲ್ಲ ಮೇಷ್ಟ್ರೇ."

"ಹಲ್ಲು ಎಡಕ್ಕಿತ್ತು," ಎಂದ ಷಡ್ಡಕ.

"ಬಲಕ್ಕೆ. ಮೂವತ್ತು ವರ್ಷ ಬಸ್ಸು ಓಡಿಸಿದವನು ಹೇಳ್ತಿದೀನಿ."

"ಓಡಿಸೋದು ಬೇರೆ, ಬಿಚ್ಚೋದು ಬೇರೆ ಯಜಮಾನ್ರೇ."

ಗಂಟೆ ಮೂರಾಯಿತು. ಮೇಷ್ಟ್ರು ಎರಡೂ ಕಡೆ ಇಟ್ಟು ನೋಡಿದರು. ಎರಡೂ ಕಡೆ ಅಂದವಾಗಿ ಕೂತಿತು. ಅವರ ತಲೆ ಕೆಟ್ಟು ಮೊಸರಾಗಿತ್ತು. "ಎರಡೂ ಕಡೆ ಕೂರುತ್ತೆ ಅಂದ್ಮೇಲೆ ಯಾವ ಕಡೆಯಾದ್ರೇನು, ಇಬ್ರೂ ಬಾಯಿ ಮುಚ್ಕೊಳಿ," ಎಂದು ಹಲ್ಲು ಬಲಕ್ಕೇ ಬರುವಂತೆ ಕೂರಿಸಿ, ಅಚ್ಚು ಸೇರಿಸಿ ಬೋಲ್ಟು ಬಿಗಿದು, ಹೊಸ ಎಣ್ಣೆ ತುಂಬಿದರು.

ಅಷ್ಟರಲ್ಲಿ ನಾಲ್ಕಾಗಿ, ಗುಜರಿಯವನ ಲಾರಿ ಅಂಗಳಕ್ಕೆ ಬಂದು, ಟ್ರ್ಯಾಕ್ಟರಿನ ಬೆನ್ನಿಗೆ ನಿಂತು, ಗಾಡಿ ಹತ್ತಿಸುವ ಏರುಹಲಗೆ ಇಳಿಸಿತು. ಮೇಷ್ಟ್ರು ಅದರತ್ತ ತಿರುಗಿಯೂ ನೋಡದೆ ಗಾಡಿ ಹತ್ತಿ ಕೂತರು. ಇಂಜಿನ್ನು ಶುರುವಾಯಿತು. ಗೇರಿಗೆ ಹಾಕಿದರೆ ಊಳಿಲ್ಲ, ಗೊರಗೊರವಿಲ್ಲ, ರೇಷ್ಮೆ ಜಾರಿದಂತೆ. ಹೆಂಡತಿಯ ಹುಬ್ಬು ಕೂಡ ಮೇಲೇರಿತು. ಗೇಟಿನತ್ತ ಮುಖ ಮಾಡಿ, ಎದೆಯುಬ್ಬಿಸಿ ಕ್ಲಚ್ಚು ಬಿಟ್ಟರು.

ಟ್ರ್ಯಾಕ್ಟರು ಸದ್ದಿಲ್ಲದೆ ಹಿಂದಕ್ಕೆ ಹೊರಟಿತು.

ಗೇರು ತಪ್ಪಿತೆಂದು ಮೇಷ್ಟ್ರು ಎರಡನೆಯದಕ್ಕೆ ಹಾಕಿದರು. ಮತ್ತೆ ಹಿಂದಕ್ಕೇ, ಇನ್ನಷ್ಟು ಜೋರಾಗಿ. "ಹಲ್ಲು ಎಡಕ್ಕೆ ಅಂದಿದ್ದೆ ಭಾವ, ಮಗುಚಿ ಕೂರಿಸಿದ್ರೆ ಚಕ್ರ ಉಲ್ಟಾ ತಿರುಗುತ್ತೆ!" ಎಂದು ಷಡ್ಡಕ ಕೂಗಿದ. ಗಾಬರಿಯಲ್ಲಿ ಇಂಜಿನ್ನು ನಿಲ್ಲಿಸುವ ಹೊತ್ತಿಗೆ ನಾಲ್ಕೂ ಚಕ್ರ ಹಲಗೆ ಹತ್ತಿ, ಲಾರಿಯ ಹೊಟ್ಟೆಯೊಳಗೆ ನೆಟ್ಟಗೆ ನಿಂತಿದ್ದವು.

ಗುಜರಿಯವನು ಕೈಲಿದ್ದ ಎಳೆಯುವ ಸರಪಳಿಯನ್ನು ನಿಧಾನಕ್ಕೆ ಕೆಳಗಿಟ್ಟ.

"ಇಷ್ಟು ವರ್ಷದಲ್ಲಿ ತಾನಾಗೇ ಹತ್ತಿದ ಗಾಡಿ ಇದೊಂದೇ ಮೇಷ್ಟ್ರೇ," ಎಂದ. "ನೀವು ಇಳೀರಿ, ಹಲಗೆ ಎತ್ತಬೇಕು."